ಎರಡಕ್ಷರದ ಪದವಿ, ಮೂರು ಅರ್ಥ

ಪರದೇಶದಲ್ಲಿ ವೈದ್ಯವೃತ್ತಿ ಕೈಗೊಳ್ಳಬಯಸುವ ಮಕ್ಕಳ ಹೆತ್ತವರು ಅರಿತಿರಬೇಕಾದ ಸಂಗತಿ

ಹನುಮಂತನಗರದ ಹಿರಿಯರಿಗೆ ರಾಮಾಂಜನೇಯ ಗುಡ್ಡವೇ ನಿತ್ಯದ ವ್ಯಾಯಾಮಶಾಲೆ. ಬೆಳಗಿನ ತಂಪಿನಲ್ಲಿ ಅದರ ಮೆಟ್ಟಿಲುಗಳನ್ನೇರಿ, ಕ್ಷಣಕಾಲ ಕುಳಿತು, ಮೊಣಕಾಲಿನ ನೋವನ್ನೂ ಮಕ್ಕಳ ಯೋಗಕ್ಷೇಮವನ್ನೂ ಪರಸ್ಪರ ವಿಚಾರಿಸಿಕೊಂಡು ಇಳಿಯುವ ಚಿಕ್ಕ ಗುಂಪೊಂದರಲ್ಲಿ ನಾನೂ ಒಬ್ಬ. ಪರದೇಶದಲ್ಲಿ ಮಗನೋ ಮಗಳೋ ಇಲ್ಲದ ಮನೆ ಈ ಗುಂಪಿನಲ್ಲಿ ವಿರಳ. ಒಂದು ದಿನ ನಮ್ಮಲ್ಲೊಬ್ಬರಾದ ನಿವೃತ್ತ ಮುಖ್ಯೋಪಾಧ್ಯಾಯರು ನನ್ನನ್ನು ಪಕ್ಕಕ್ಕೆ ಕರೆದು, "ಶಾಸ್ತ್ರಿಗಳೇ, ಸಂಜೆ ಒಮ್ಮೆ ಮನೆಗೆ ದಯಮಾಡಿಸಬೇಕು. ಮೊಮ್ಮಗಳ ಓದಿಗಾಗಿ ಒಂದು ಕಾಗದಕ್ಕೆ ಸಹಿ ಹಾಕುವುದಿದೆ. ಹಾಕುವ ಮುನ್ನ ನಿಮಗೆ ತೋರಿಸಬೇಕೆಂದು ಮನಸ್ಸು ಹೇಳುತ್ತಿದೆ" ಎಂದರು.

ಸಂಜೆ ಹೋದೆ. ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ತುಮಕೂರಿನ ಹೊರವಲಯದಲ್ಲಿ ಅವರು ಸೇವೆಯಲ್ಲಿದ್ದಾಗ ಕೊಂಡಿದ್ದ ನಿವೇಶನದ ಕ್ರಯದ ಕರಾರು. ಇನ್ನೊಂದು, ನುಣುಪು ಕಾಗದದ ಮೇಲೆ ಬಣ್ಣಬಣ್ಣವಾಗಿ ಮುದ್ರಿಸಿದ ಪರಿಚಯ ಪುಸ್ತಿಕೆ. ಮೊಮ್ಮಗಳು ಫಿಸಿಯೋಥೆರಪಿಯಲ್ಲಿ ಪದವಿ ಮುಗಿಸಿದವಳು. ವಿದ್ಯಾಭ್ಯಾಸದ ಸಲಹೆ ಕೊಡುವ ಕಚೇರಿಯೊಂದು ಅವಳಿಗೆ ಆ ಪುಸ್ತಿಕೆ ಕೊಟ್ಟಿತ್ತು. ಅದರಲ್ಲಿ ಎರಡು ವಾಕ್ಯಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಲಾಗಿತ್ತು. ವಾರಾಂತ್ಯದ ತರಗತಿಗಳ ಮೂಲಕ ಆಸ್ಟಿಯೋಪಥಿಯನ್ನು ಕಲಿತರೆ ಕೊನೆಯಲ್ಲಿ ‘ಡಿ.ಓ.’ ದೊರೆಯುವುದೆಂಬುದು ಮೊದಲನೆಯದು. ಅಮೆರಿಕದಲ್ಲಿ ‘ಡಿ.ಓ.’ ಪಡೆದವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರೆಂಬುದು ಎರಡನೆಯದು.

ವಾಚಕರು ಗಮನಿಸಬೇಕು. ಈ ಎರಡು ವಾಕ್ಯಗಳೂ ಬಿಡಿಬಿಡಿಯಾಗಿ ಸತ್ಯವೇ. ಒಂದರ ಕೆಳಗೆ ಇನ್ನೊಂದನ್ನು ಇಟ್ಟಾಗ ಓದುವವರ ಮನಸ್ಸಿನಲ್ಲಿ ಹುಟ್ಟುವ ಮೂರನೆಯ ವಾಕ್ಯ ಮಾತ್ರ ಸುಳ್ಳು. ಆ ಮೂರನೆಯ ವಾಕ್ಯವನ್ನು ಪುಸ್ತಿಕೆ ಎಲ್ಲಿಯೂ ಬರೆದಿರಲಿಲ್ಲ.

ನಾನು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ತರ್ಕಶಾಸ್ತ್ರ ಹೇಳುತ್ತಿದ್ದ ಗುರುಗಳು ‘ವಾಕ್ಛಲ’ವನ್ನು ವಿವರಿಸಲು ‘ನವಕಂಬಲ’ ಎಂಬ ಪ್ರಾಚೀನ ಉದಾಹರಣೆಯನ್ನು ಕೊಡುತ್ತಿದ್ದರು. ಹೊಸ ಕಂಬಳಿ ಹೊದ್ದವನನ್ನು ನವಕಂಬಲನೆಂದು ಒಬ್ಬನು ಕರೆಯುತ್ತಾನೆ. ಎದುರಾಳಿಯು ‘ನವ’ ಎಂಬ ಶಬ್ದಕ್ಕೆ ಒಂಬತ್ತು ಎಂಬ ಅರ್ಥವನ್ನು ಹಿಡಿದು, ಇವನ ಮೈಮೇಲಿರುವುದು ಒಂದೇ, ಉಳಿದ ಎಂಟು ಕಂಬಳಿಗಳೆಲ್ಲಿ ಎಂದು ಕೇಳುತ್ತಾನೆ. ಶಬ್ದ ಒಂದೇ, ಅರ್ಥ ಎರಡು. ಅಂದು ನಕ್ಕು ಮರೆತಿದ್ದ ಆ ಪಾಠ, ನಿವೇಶನದ ಕರಾರಿನ ಪಕ್ಕದಲ್ಲಿ ಪುಸ್ತಿಕೆಯನ್ನು ಕಂಡಾಗ ನೆನಪಿಗೆ ಬಂದಿತು.

ಒಂದು ಹೆಸರು, ಹಲವು ವೃತ್ತಿ

ನಮ್ಮ ನಾಡಿನಲ್ಲಿ ‘ಡಿ.ಓ.’ ಎಂಬುದು ಹಳಬರಿಗೆ ಚಿರಪರಿಚಿತ. ಕಣ್ಣಿನ ವೈದ್ಯರ ನಾಮಫಲಕದಲ್ಲಿ ಎಂ.ಬಿ.ಬಿ.ಎಸ್. ನಂತರ ಕಾಣುತ್ತಿದ್ದ ಆ ಎರಡಕ್ಷರಗಳ ಅರ್ಥ ನೇತ್ರಚಿಕಿತ್ಸೆಯ ಡಿಪ್ಲೊಮಾ. ಬ್ರಿಟನ್ ಮತ್ತು ಯುರೋಪಿನ ಹಲವೆಡೆ ಅವೇ ಅಕ್ಷರಗಳಿಗೆ ಆಸ್ಟಿಯೋಪಥಿಯ ಡಿಪ್ಲೊಮಾ ಎಂಬ ಅರ್ಥವಿದೆ. ಇದು ಬೆನ್ನು, ಕೀಲು, ಸ್ನಾಯುಗಳ ನೋವನ್ನು ಕೈಗಳಿಂದಲೇ ಉಪಚರಿಸುವ ವೃತ್ತಿ. ಅಮೆರಿಕದಲ್ಲಿ ಮಾತ್ರ ಅದು ಆಸ್ಟಿಯೋಪಥಿಕ್ ವೈದ್ಯಶಾಸ್ತ್ರದ ಡಾಕ್ಟರ್ ಪದವಿ. ಅಲ್ಲಿನ ಎಂ.ಡಿ.ಗೆ ಸರಿಸಮಾನವಾದ, ಸಂಪೂರ್ಣ ವೈದ್ಯಾಧಿಕಾರವುಳ್ಳ ಪದವಿ.

ಪುಸ್ತಿಕೆಯ ಮೊದಲ ವಾಕ್ಯದ ಡಿ.ಓ. ಎರಡನೆಯ ಬಗೆಯದು. ಎರಡನೆಯ ವಾಕ್ಯದ ಡಿ.ಓ. ಮೂರನೆಯ ಬಗೆಯದು. ಇವುಗಳ ನಡುವೆ ಸೇತುವೆಯಿಲ್ಲ. ಈ ಭೇದ ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೂರು ಮಕ್ಕಳನ್ನು ಕಳೆದುಕೊಂಡ ವೈದ್ಯ

ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬಾತ ೧೮೨೮ರಲ್ಲಿ ಅಮೆರಿಕದ ವರ್ಜೀನಿಯಾ ಪ್ರಾಂತ್ಯದಲ್ಲಿ ಜನಿಸಿದನು. ತಂದೆ ಕ್ರೈಸ್ತ ಧರ್ಮಬೋಧಕನೂ ವೈದ್ಯನೂ ಆಗಿದ್ದನು. ಮಗನೂ ವೈದ್ಯನಾದನು. ೧೮೬೪ರಲ್ಲಿ ಮಿದುಳು ಪೊರೆಯ ಜ್ವರವು ಅವನ ಮನೆಯ ಮೂರು ಮಕ್ಕಳನ್ನು ಕೊಂಡೊಯ್ದಿತು. ತಾನು ಕಲಿತ ವಿದ್ಯೆ ತನ್ನ ಮಕ್ಕಳನ್ನೇ ಉಳಿಸಲಿಲ್ಲವೆಂಬ ವೇದನೆ ಅವನನ್ನು ಬಿಡಲಿಲ್ಲ. ಪಾದರಸದ ಲವಣಗಳನ್ನೂ ಮದ್ಯವನ್ನೂ ಔಷಧವೆಂದು ಕೊಡುತ್ತಿದ್ದ ಕಾಲವದು. ದೇಹದ ಅಸ್ಥಿಪಂಜರ ಮತ್ತು ಸ್ನಾಯುಗಳ ವ್ಯವಸ್ಥೆಯನ್ನು ಸರಿಪಡಿಸಿದರೆ ದೇಹವು ತನ್ನನ್ನು ತಾನೇ ಗುಣಪಡಿಸಿಕೊಳ್ಳಬಲ್ಲದೆಂಬ ನಿರ್ಣಯಕ್ಕೆ ಬಂದು, ೧೮೭೪ರಲ್ಲಿ ಅವನು ಆಸ್ಟಿಯೋಪಥಿಯನ್ನು ಸಾರಿದನು. ‘ಆಸ್ಟಿಯೋನ್’ ಎಂದರೆ ಗ್ರೀಕ್ ಭಾಷೆಯಲ್ಲಿ ಮೂಳೆ.

ನಮಗೆ ಇದು ತೀರ ಹೊಸ ಕಲ್ಪನೆಯಲ್ಲ. ಗರಡಿಮನೆಯ ಉಸ್ತಾದರು ಉಳುಕು ತೆಗೆಯುತ್ತಿದ್ದುದನ್ನು ನನ್ನ ಪೀಳಿಗೆಯವರು ಕಂಡಿದ್ದೇವೆ. ‘ಪುತ್ತೂರು ಕಟ್ಟು’ ಎಂಬ ಫಲಕಗಳು ಇಂದಿಗೂ ಬೆಂಗಳೂರಿನಲ್ಲಿವೆ. ಸ್ಟಿಲ್ ಸಹ ಆರಂಭದಲ್ಲಿ ಮೂಳೆ ಕೂಡಿಸುವವನೆಂದೇ ಊರೂರು ಸುತ್ತಿದವನು. ಆದರೆ ಅವನು ತನ್ನ ವಿದ್ಯೆಯನ್ನು ಮನೆತನದ ಗುಟ್ಟಾಗಿ ಉಳಿಸಿಕೊಳ್ಳಲಿಲ್ಲ. ೧೮೯೨ರಲ್ಲಿ ಮಿಸೌರಿ ಪ್ರಾಂತ್ಯದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಶಾಲೆ ತೆರೆದು, ಮೊದಲ ತಂಡದಲ್ಲಿಯೇ ಸ್ತ್ರೀಯರಿಗೂ ಪ್ರವೇಶವಿತ್ತನು. ಎಂ.ಡಿ. ಪದವಿ ಕೊಡುವ ಅಧಿಕಾರವಿದ್ದರೂ ತನ್ನ ಪಂಥ ಬೇರೆಯೆಂದು ತೋರಿಸಲು ಡಿ.ಓ. ಎಂಬ ಹೆಸರನ್ನೇ ಆರಿಸಿಕೊಂಡನು.

ಆ ಆಯ್ಕೆಗೆ ಅವನ ಶಿಷ್ಯಪರಂಪರೆ ಬಹಳ ಬೆಲೆ ತೆರಬೇಕಾಯಿತು. ೧೮೯೬ರಲ್ಲಿ ವರ್ಮಾಂಟ್ ಪ್ರಾಂತ್ಯ ಮೊದಲಿಗೆ ಪರವಾನಗಿ ಕೊಟ್ಟಿತು. ಉಳಿದ ಪ್ರಾಂತ್ಯಗಳು ಒಂದೊಂದಾಗಿ, ಅರೆಮನಸ್ಸಿನಿಂದ ಬಾಗಿಲು ತೆರೆದವು. ಈ ನಡುವೆ ಡಿ.ಓ. ಕಾಲೇಜುಗಳು ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆಗಳನ್ನೆಲ್ಲ ಪಠ್ಯಕ್ಕೆ ಸೇರಿಸಿಕೊಂಡು ಎಂ.ಡಿ. ಕಾಲೇಜುಗಳ ಮಟ್ಟಕ್ಕೆ ಬೆಳೆದವು. ೧೯೬೨ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ಸಾವಿರ ಡಿ.ಓ.ಗಳು ಅರವತ್ತೈದು ಡಾಲರ್ ಶುಲ್ಕ ತೆತ್ತು ತಮ್ಮ ಪದವಿಯನ್ನು ಎಂ.ಡಿ. ಎಂದು ಬದಲಿಸಿಕೊಂಡರು. ಹೊಸ ಡಿ.ಓ.ಗಳಿಗೆ ಅಲ್ಲಿ ಬಾಗಿಲು ಮುಚ್ಚಿತು. ೧೯೭೪ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಅದು ಮತ್ತೆ ತೆರೆಯಿತು. ೧೯೭೩ರಲ್ಲಿ ಮಿಸಿಸಿಪ್ಪಿ ಒಪ್ಪಿದಾಗ ಐವತ್ತು ಪ್ರಾಂತ್ಯಗಳೂ ಪೂರ್ಣವಾದವು. ಸ್ಟಿಲ್‌ನ ಘೋಷಣೆಯಿಂದ ಲೆಕ್ಕ ಹಿಡಿದರೆ ಶತಮಾನಕ್ಕೆ ಒಂದೇ ವರ್ಷ ಕಡಿಮೆ. ಇಂದು ಆ ದೇಶದ ವೈದ್ಯ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲುಭಾಗ ಡಿ.ಓ. ಕಾಲೇಜುಗಳಲ್ಲಿದ್ದಾರೆ. ಅಮೆರಿಕದ ರಾಷ್ಟ್ರಾಧ್ಯಕ್ಷರ ವೈದ್ಯರಾಗಿದ್ದ ಸೀನ್ ಕಾನ್ಲಿ, ಕೆವಿನ್ ಓಕಾನರ್ ಇಬ್ಬರೂ ಡಿ.ಓ. ಪದವೀಧರರೇ.

ಅಮೆರಿಕದಲ್ಲಿ ಡಿ.ಓ. ಆಗುವ ಕ್ರಮ

ದಾವಣಗೆರೆಯಲ್ಲಿ ವೈದ್ಯಕೀಯ ಓದಿ ಈಗ ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬನಿದ್ದಾನೆ. ಬಾಲ್ಯದಲ್ಲಿ ನನ್ನಲ್ಲಿ ಸಂಸ್ಕೃತ ಕಲಿತವನು. ಆ ರಾತ್ರಿಯೇ ಅವನಿಗೆ ದೂರವಾಣಿ ಮಾಡಿದೆ. ಅವನು ನಕ್ಕು, "ಗುರುಗಳೇ, ನನ್ನ ಮಗಳೇ ಇಲ್ಲಿ ಡಿ.ಓ. ಓದುತ್ತಿದ್ದಾಳೆ. ಅವಳ ದಾರಿ ಬೇರೆ, ನನ್ನ ದಾರಿ ಬೇರೆ, ಆ ಮಗುವಿಗೆ ಹೇಳಿರುವ ದಾರಿಯಂತೂ ಇಲ್ಲಿಗೆ ಬರುವುದೇ ಇಲ್ಲ" ಎಂದನು. ಅವನು ವಿವರಿಸಿದುದರ ಸಾರ ಇದು.

ಅಮೆರಿಕದಲ್ಲಿ ಡಿ.ಓ. ಆಗಬೇಕಾದರೆ ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ, ಬಳಿಕ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಅನಂತರ ನಾಲ್ಕು ವರ್ಷದ ಡಿ.ಓ. ವ್ಯಾಸಂಗ. ಎಂ.ಡಿ. ವಿದ್ಯಾರ್ಥಿಗಳು ಓದುವುದೆಲ್ಲವನ್ನೂ ಓದಿ, ಅದರ ಮೇಲೆ ಸುಮಾರು ಇನ್ನೂರು ತಾಸುಗಳ ಕೈಚಿಕಿತ್ಸೆಯ ಶಿಕ್ಷಣವನ್ನೂ ಪಡೆಯಬೇಕು. ಕಾಮ್ಲೆಕ್ಸ್ ಎಂಬ ಪರೀಕ್ಷೆಯ ಮೂರು ಹಂತಗಳನ್ನು ದಾಟಬೇಕು. ಆಸ್ಪತ್ರೆಯಲ್ಲಿ ಮೂರರಿಂದ ಏಳು ವರ್ಷಗಳ ರೆಸಿಡೆನ್ಸಿ ತರಬೇತಿ ಮಾಡಬೇಕು. ೨೦೨೦ರಿಂದ ಎಂ.ಡಿ. ಮತ್ತು ಡಿ.ಓ.ಗಳಿಗೆ ಈ ತರಬೇತಿಯ ಮಾನ್ಯತಾ ವ್ಯವಸ್ಥೆ ಒಂದೇ ಆಗಿದೆ. ಕೊನೆಗೆ ಆಯಾ ಪ್ರಾಂತ್ಯದ ಮಂಡಳಿ ಪರವಾನಗಿ ಕೊಡುತ್ತದೆ.

ಮುಖ್ಯ ಸಂಗತಿ ಇಲ್ಲಿದೆ. ಕಾಮ್ಲೆಕ್ಸ್ ಪರೀಕ್ಷೆಗೆ ಕೂರಲು ಅಮೆರಿಕದಲ್ಲಿಯೇ ಮಾನ್ಯತೆ ಪಡೆದ ಡಿ.ಓ. ಕಾಲೇಜಿನ ವಿದ್ಯಾರ್ಥಿಯಾಗಿರಬೇಕು. ಅಂತಹ ಕಾಲೇಜು ಅಮೆರಿಕದ ಹೊರಗೆ ಒಂದೂ ಇಲ್ಲ. ಬೆಂಗಳೂರಿನಲ್ಲಾಗಲಿ, ಲಂಡನ್ನಿನಲ್ಲಾಗಲಿ, ಪ್ಯಾರಿಸ್ಸಿನಲ್ಲಾಗಲಿ ಪಡೆದ ಆಸ್ಟಿಯೋಪಥಿಯ ಪ್ರಮಾಣಪತ್ರದಿಂದ ಅಮೆರಿಕದಲ್ಲಿ ಡಿ.ಓ. ವೈದ್ಯರಾಗಲು ಬರುವುದಿಲ್ಲ. ಅಲ್ಲಿನ ಕಾಲೇಜುಗಳಿಗೇ ಸೇರಬಯಸುವ ಪರದೇಶದ ವಿದ್ಯಾರ್ಥಿಗೆ ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ದೊರೆಯುವುದಿಲ್ಲವೆಂಬುದನ್ನೂ ಹೆತ್ತವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇತರ ದೇಶಗಳ ನಿಯಮ

ವಿಶ್ವ ಆರೋಗ್ಯ ಸಂಸ್ಥೆಯು ೨೦೧೦ರಲ್ಲಿ ಆಸ್ಟಿಯೋಪಥಿ ಶಿಕ್ಷಣಕ್ಕೆ ಮಾನದಂಡಗಳನ್ನು ಪ್ರಕಟಿಸಿತು. ವೈದ್ಯಕೀಯ ಹಿನ್ನೆಲೆಯಿಲ್ಲದವರಿಗೆ ೪,೨೦೦ ತಾಸುಗಳ ಶಿಕ್ಷಣ, ಅದರಲ್ಲಿ ಕನಿಷ್ಠ ೧,೦೦೦ ತಾಸು ರೋಗಿಗಳೊಡನೆ ಮೇಲ್ವಿಚಾರಣೆಯ ಅಭ್ಯಾಸವಿರಬೇಕೆಂದು ಅದು ಹೇಳುತ್ತದೆ. ಮೊದಲೇ ಆರೋಗ್ಯವೃತ್ತಿಯಲ್ಲಿ ತರಬೇತಾದವರಿಗೆ ಮೊಟಕಾದ ಕ್ರಮವೂ ಉಂಟು. ಆದರೆ ಇದು ಶಿಕ್ಷಣದ ಅಳತೆಯೇ ಹೊರತು ಪರವಾನಗಿಯಲ್ಲ.

ಬ್ರಿಟನ್ನಿನಲ್ಲಿ ೧೯೯೩ರ ಆಸ್ಟಿಯೋಪಾತ್ ಕಾಯಿದೆಯಿದೆ. ಅಲ್ಲಿ ಪ್ರತ್ಯೇಕ ಮಂಡಳಿಯ ಪಟ್ಟಿಯಲ್ಲಿ ಹೆಸರಿಲ್ಲದವರು ತಮ್ಮನ್ನು ಆಸ್ಟಿಯೋಪಾತ್ ಎಂದು ಕರೆದುಕೊಳ್ಳುವುದು ಅಪರಾಧ. ಪಟ್ಟಿಯಲ್ಲಿರುವವರು ಗೌರವಾನ್ವಿತ ಚಿಕಿತ್ಸಕರು. ಆದರೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಲ್ಲ. ಆಸ್ಟ್ರೇಲಿಯಾದಲ್ಲಿ ೨೦೧೦ರಿಂದ ರಾಷ್ಟ್ರಮಟ್ಟದ ನೋಂದಣಿಯಿದೆ. ನಮ್ಮ ದೇಶದಲ್ಲಿ ಆಸ್ಟಿಯೋಪಥಿ ಕಲಿತವರನ್ನು ವೈದ್ಯರೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಗೆ ಸೇರಿಸುವ ಕ್ರಮವಿಲ್ಲ.

ಎಂ.ಬಿ.ಬಿ.ಎಸ್. ಪದವೀಧರರ ದಾರಿ

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ೧೯೬೩ರಲ್ಲಿ, ದಾವಣಗೆರೆಯ ಜೆ.ಜೆ.ಎಂ. ಕಾಲೇಜು ೧೯೬೫ರಲ್ಲಿ, ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು ೧೯೮೪ರಲ್ಲಿ ಆರಂಭವಾದವು. ೧೯೬೫ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿತು. ಈ ಎರಡೂ ಕೂಡಿದ್ದರಿಂದ ನಮ್ಮ ಎಷ್ಟೋ ಮನೆಗಳ ಮಕ್ಕಳು ಬಿಳಿ ಕೋಟಿನೊಡನೆ ವಿಮಾನವೇರಿದರು. ೧೯೭೮ರಲ್ಲಿ ಉತ್ತರ ಅಮೆರಿಕದ ವೀರಶೈವ ಸಮಾಜ ರೂಪುಗೊಳ್ಳುವಷ್ಟು ನಮ್ಮವರು ಅಲ್ಲಿ ನೆಲೆನಿಂತಿದ್ದರು.

ನನ್ನ ಶಿಷ್ಯನು ಹಿಡಿದ ದಾರಿ ಅವರದೇ. ನಮ್ಮ ಎಂ.ಬಿ.ಬಿ.ಎಸ್. ಪದವೀಧರರು ಅಲ್ಲಿ ಡಿ.ಓ. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ೧೯೫೬ರಲ್ಲಿ ಸ್ಥಾಪನೆಯಾದ ಇ.ಸಿ.ಎಫ್.ಎಂ.ಜಿ. ಎಂಬ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಬೇಕು. ಅದಕ್ಕಾಗಿ ೧೯೯೨ರಲ್ಲಿ ಆರಂಭವಾದ ಯು.ಎಸ್.ಎಂ.ಎಲ್.ಇ. ಪರೀಕ್ಷೆಯ ಹಂತಗಳನ್ನು ಗೆಲ್ಲಬೇಕು. ಬಳಿಕ ರೆಸಿಡೆನ್ಸಿ ಸ್ಥಾನಕ್ಕೆ ಅರ್ಜಿ. ಅದರ ಫಲಿತಾಂಶ ಮಾರ್ಚ್ ತಿಂಗಳಲ್ಲಿ ಹೊರಬೀಳುತ್ತದೆ. ಪರೀಕ್ಷೆಯಲ್ಲಿ ಗೆದ್ದೂ ಸ್ಥಾನ ದೊರೆಯದೆ ಮರುವರ್ಷದವರೆಗೆ ಕಾಯುವವರಿದ್ದಾರೆ. ೨೦೨೨ರಿಂದ ಮೊದಲ ಹಂತದ ಪರೀಕ್ಷೆಯಲ್ಲಿ ಅಂಕ ತಿಳಿಸದೆ ತೇರ್ಗಡೆಯೋ ಅಲ್ಲವೋ ಎಂಬುದನ್ನು ಮಾತ್ರ ತಿಳಿಸುವುದರಿಂದ, ಎರಡನೆಯ ಹಂತದ ಅಂಕಗಳಿಗೆ ಬೆಲೆ ಹೆಚ್ಚಿದೆ.

ಪದವಿಯು ಪಡೆದವನೊಡನೆ ಪಯಣಿಸುತ್ತದೆ. ಪರವಾನಗಿಯು ನೆಲಕ್ಕೆ ಅಂಟಿಕೊಂಡಿರುತ್ತದೆ. ೧೯೭೫ರವರೆಗೆ ನಮ್ಮ ಮಾನ್ಯ ಎಂ.ಬಿ.ಬಿ.ಎಸ್. ಪದವಿಗಳನ್ನು ಬ್ರಿಟನ್ನಿನ ವೈದ್ಯ ಮಂಡಳಿ ನೇರವಾಗಿ ಒಪ್ಪುತ್ತಿತ್ತು. ಆ ವರ್ಷ ಒಪ್ಪಿಗೆಯನ್ನು ಹಿಂತೆಗೆದುಕೊಂಡು, ಹೊರಗಿನಿಂದ ಬಂದ ವೈದ್ಯರಿಗೆ ಪರೀಕ್ಷೆ ವಿಧಿಸಲಾಯಿತು. ಅದೇ ಮುಂದೆ ಪ್ಲ್ಯಾಬ್ ಎಂದು ಹೆಸರಾಯಿತು. ಕಾಲೇಜು ಅದೇ, ಗುರುಗಳು ಅವರೇ, ಪದವಿಯೂ ಅದೇ. ಬದಲಾದದ್ದು ಎದುರಿನ ದೇಶದ ಕಾನೂನು.

ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಅವರು ಜನಿಸಿದ್ದು ೧೯೭೭ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ವೈದ್ಯರಾದ ತಂದೆ ಅಲ್ಲಿಂದ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಹೋಗಿ ಅಲ್ಲಿ ಜಿಲ್ಲಾ ವೈದ್ಯಾಧಿಕಾರಿಯಾಗಿದ್ದು, ಬಳಿಕ ಅಮೆರಿಕದ ಮಯಾಮಿ ಸೇರಿದರು. ಹಲ್ಲೆಗೆರೆಯಿಂದ ಮಯಾಮಿಗೆ ಮೂರು ದೇಶಗಳ ದಾರಿ. ಮಗನು ೨೦೧೪ರಲ್ಲಿ ಏರಿದ ಹುದ್ದೆಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿ ಹಿಗ್ಗಿದೆವು. ತಂದೆ ದೇಶದಿಂದ ದೇಶಕ್ಕೆ ಹೋಗಿ ಮತ್ತೆ ಮತ್ತೆ ಹೊಸದಾಗಿ ನೆಲೆಯೂರಿದುದನ್ನು ನೆನೆದವರು ಕಡಿಮೆ.

ಮರಳಿ ಬರುವವರಿಗೆ

ಹೋಗುವ ದಾರಿಯಷ್ಟೇ ಬರುವ ದಾರಿಯನ್ನೂ ನೋಡಿಕೊಳ್ಳಬೇಕು. ಪರದೇಶದಲ್ಲಿ ವೈದ್ಯಕೀಯ ಓದಲು ಹೋಗುವ ಭಾರತೀಯರು ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಬೇಕೆಂಬ ನಿಯಮ ೨೦೧೮ರಿಂದ ಇದೆ. ೨೦೨೧ರ ನವೆಂಬರಿನ ನಿಯಮಾವಳಿಯ ಪ್ರಕಾರ, ಹೊರದೇಶದ ಮೂಲ ವೈದ್ಯ ವ್ಯಾಸಂಗ ಕನಿಷ್ಠ ೫೪ ತಿಂಗಳಿನದಾಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಿರಬೇಕು, ಪದವೀಧರನು ಆ ದೇಶದಲ್ಲಿ ಅಲ್ಲಿನ ಪ್ರಜೆಗಳಂತೆಯೇ ವೃತ್ತಿ ನಡೆಸಲು ನೋಂದಣಿ ಪಡೆದಿರಬೇಕು. ಅಮೆರಿಕದ ಡಿ.ಓ. ವ್ಯಾಸಂಗ ನಾಲ್ಕು ವರ್ಷದ್ದು, ಎಂದರೆ ೪೮ ತಿಂಗಳು. ಆದ್ದರಿಂದ ಮುಂದೊಂದು ದಿನ ಹಿಂದಿರುಗಿ ಬಸವನಗುಡಿಯಲ್ಲೋ ಜಯನಗರದಲ್ಲೋ ದವಾಖಾನೆ ತೆರೆಯುವ ಆಸೆಯಿರುವವರು ಹೊರಡುವ ಮುನ್ನವೇ ಆಯೋಗಕ್ಕೆ ಬರೆದು, ಲಿಖಿತ ಉತ್ತರ ಪಡೆದಿಟ್ಟುಕೊಳ್ಳುವುದು ಕ್ಷೇಮ.

ನಾಲ್ಕು ಪ್ರಶ್ನೆಗಳು

ಹಣ ಕಟ್ಟುವ ಮುನ್ನ ಪ್ರತಿಯೊಂದು ಮನೆಯೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಈ ಪದವಿಯ ಪೂರ್ಣ ಹೆಸರೇನು, ಅಕ್ಷರಗಳ ಮೊಟಕು ಹೆಸರಲ್ಲ? ಯಾವ ದೇಶದಲ್ಲಿ, ಯಾವ ಮಂಡಳಿ ಇದಕ್ಕೆ ಪರವಾನಗಿ ಕೊಡುತ್ತದೆ? ಆ ಪರವಾನಗಿಯಿಂದ ಯಾವ ಕೆಲಸ ಮಾಡಬಹುದು, ಯಾವುದನ್ನು ಮಾಡಬಾರದು? ಈ ಕಾಲೇಜಿನ ಹೆಸರು ಆ ಮಂಡಳಿಯ ಪಟ್ಟಿಯಲ್ಲಿದೆಯೇ? ಉತ್ತರವನ್ನು ಪ್ರವೇಶ ಕೊಡಿಸುವವರ ಬಾಯಿಂದ ಕೇಳಬಾರದು. ಪರವಾನಗಿ ಕೊಡುವವರಿಂದ ಬರವಣಿಗೆಯಲ್ಲಿ ಪಡೆಯಬೇಕು.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮರುದಿನ ಮುಖ್ಯೋಪಾಧ್ಯಾಯರ ಮನೆಗೆ ಹೋದೆ. ಹುಡುಗಿ ಮೌನವಾಗಿ ಓದಿದಳು. ಅವಳ ಕಣ್ಣು ತುಂಬಿತು. "ನಾನು ಸುಳ್ಳು ಡಾಕ್ಟರ್ ಆಗೋಕೆ ಹೊರಟಿದ್ದೆ ಅಂತ ಅಂದ್ಕೊಂಡ್ರಾ, ಶಾಸ್ತ್ರಿ ತಾತ?" ಎಂದಳು. ನನಗೆ ನೋವಾಯಿತು. ಪುಸ್ತಿಕೆಯ ದೋಷವನ್ನು ತೋರಿಸುವ ಆತುರದಲ್ಲಿ ಮಗುವಿನ ಮನಸ್ಸನ್ನು ನಾನು ವಿಚಾರಿಸಿರಲೇ ಇಲ್ಲ. "ಇಲ್ಲಮ್ಮ. ನಿನಗೆ ಏನು ಮಾಡಬೇಕೆಂದು ಆಸೆ, ಅದನ್ನು ಹೇಳು" ಎಂದೆ.

ಅವಳು ಹೇಳಿದಳು. ಔಷಧ ಬರೆಯುವ ಆಸೆ ಅವಳಿಗಿರಲಿಲ್ಲ. ಪಾರ್ಶ್ವವಾಯುವಿನಿಂದ ಮಲಗಿದ್ದ ಅಜ್ಜಿಯ ಕೈಯನ್ನು ತಿಂಗಳುಗಟ್ಟಲೆ ನೀವಿ, ಚಾಚಿಸಿ, ಕೊನೆಗೊಂದು ದಿನ ಆ ಕೈ ತಾನಾಗಿ ಲೋಟ ಹಿಡಿದುದನ್ನು ಕಂಡವಳು ಅವಳು. ಕೈಯಿಂದ ಮಾಡುವ ಚಿಕಿತ್ಸೆಯೇ ಅವಳಿಗೆ ಬೇಕಾಗಿದ್ದುದು. ಆಗ ನನ್ನ ಶಿಷ್ಯನು ಹೇಳಿದ್ದ ಇನ್ನೊಂದು ಮಾತನ್ನು ತಿಳಿಸಿದೆ. ಅಮೆರಿಕದ ಡಿ.ಓ. ವೈದ್ಯರಲ್ಲಿ ಬಹುತೇಕರು ಇಂದು ಕೈಚಿಕಿತ್ಸೆಯನ್ನು ವಿರಳವಾಗಿ ಬಳಸುತ್ತಾರೆ. ಅವರ ದಿನವೂ ಔಷಧ, ತಪಾಸಣೆಗಳಲ್ಲಿಯೇ ಕಳೆಯುತ್ತದೆ. ಹುಡುಗಿ ಕಣ್ಣೊರಸಿಕೊಂಡು ನಕ್ಕಳು. "ಹಾಗಾದ್ರೆ ನನಗೆ ಬೇಕಾಗಿರೋದು ನನ್ನ ಹತ್ತಿರಾನೇ ಇದೆ" ಎಂದಳು.

ಅವಳ ಫಿಸಿಯೋಥೆರಪಿ ಪದವಿಗೆ ನಮ್ಮಲ್ಲಿ ೨೦೨೧ರ ಸಹಾಯಕ ಆರೋಗ್ಯವೃತ್ತಿಗಳ ಕಾಯಿದೆಯ ಆಶ್ರಯವಿದೆ. ಬ್ರಿಟನ್ನಿನಲ್ಲಿ ಆ ವೃತ್ತಿಯನ್ನು ನೋಂದಾಯಿಸುವ ಮಂಡಳಿಯಿದೆ. ಅಮೆರಿಕದಲ್ಲಿ ಪದವಿಯ ಮೌಲ್ಯಮಾಪನ, ರಾಷ್ಟ್ರೀಯ ಪರೀಕ್ಷೆ, ಪ್ರಾಂತ್ಯದ ಪರವಾನಗಿ ಎಂಬ ಕ್ರಮವಿದೆ. ಅವಳು ನಾಲ್ಕು ಪ್ರಶ್ನೆಗಳನ್ನು ಈ ಮಂಡಳಿಗಳಿಗೇ ಬರೆದು ಕೇಳಿದಳು, ಉತ್ತರಗಳೂ ಬಂದವು. ಈಗ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತ ಬ್ರಿಟನ್ನಿನ ನೋಂದಣಿಗೆ ಅಗತ್ಯವಾದ ಕಾಗದಪತ್ರಗಳನ್ನು ಕೂಡಿಸುತ್ತಿದ್ದಾಳೆ. ಆಸ್ಟಿಯೋಪಥಿಯನ್ನು ಮುಂದೆ ಕಲಿಯಬೇಕೆನಿಸಿದರೆ ಅಲ್ಲಿಯ ಮಾನ್ಯ ಕಾಲೇಜಿನಲ್ಲಿಯೇ, ತಾನು ದುಡಿದ ಹಣದಲ್ಲಿ ಕಲಿಯುವುದಾಗಿ ಹೇಳುತ್ತಾಳೆ.

ತುಮಕೂರಿನ ನಿವೇಶನ ಹಾಗೆಯೇ ಉಳಿದಿದೆ. ಗುಡ್ಡದ ಮೇಲೆ ಮುಖ್ಯೋಪಾಧ್ಯಾಯರು ಮೊನ್ನೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಶಾಸ್ತ್ರಿಗಳೇ, ನಮ್ಮ ಹುಡುಗಿಗೆ ಒಂದೇ ಕಂಬಳಿ ಸಾಕಂತೆ. ಆದರೆ ಅದು ಅವಳದೇ ಆಗಿರಬೇಕಂತೆ" ಎಂದರು.